ಕಾಂಪೋಸಿಟ್ ಟೆನ್ಸೈಲ್ ಸ್ಪೆಸಿಮನ್ ರೂಪಿಸುವುದು ಹೇಗೆ: ಗ್ರಿಪ್‌ನಿಂದ ಶುರು ಮಾಡಿ

ಕಾಂಪೋಸಿಟ್ (ರೆಸಿನ್ ಎಂಬ ಪ್ಲಾಸ್ಟಿಕ್‌ನೊಳಗೆ ಫೈಬರ್ ಕೂರಿಸಿದ ವಸ್ತು) ಪಟ್ಟಿಯನ್ನು ಎಳೆದು ಮುರಿಯುವುದು ಸುಲಭ. ಮುರಿಯಬೇಕಾದ ಜಾಗದಲ್ಲೇ ಅದು ಮುರಿಯುವಂತೆ ಮಾಡುವುದು ಕಷ್ಟ. ಟೆಸ್ಟಿಂಗ್ ಮಷೀನ್ ಪ್ರತಿ ಸಲವೂ ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಪಟ್ಟಿಯ ತುದಿ ಕಚ್ಚಿ ಹಿಡಿಯುವ ಗ್ರಿಪ್‌ನ ಬಾಯಲ್ಲಿ ಅದು ತುಂಡಾದರೂ ಕೊಡುತ್ತದೆ, ತುದಿಯ ರಕ್ಷಣೆಗೆ ಅಂಟಿಸಿದ ತೆಳು ತುಂಡು, ಅಂದರೆ ಟ್ಯಾಬ್, ಕಿತ್ತು ಬಂದರೂ ಕೊಡುತ್ತದೆ. ಆ ಸಂಖ್ಯೆ ಮೆಟೀರಿಯಲ್‌ನ ಸ್ಟ್ರೆಂತ್ ಹೌದೋ ಅಲ್ಲವೋ ಅನ್ನುವುದು ಸ್ಪೆಸಿಮನ್ ಅನ್ನು, ಅಂದರೆ ಟೆಸ್ಟ್‌ನ ಪಟ್ಟಿಯನ್ನು, ಹೇಗೆ ಮಾಡಿದ್ದೀರಿ ಎಂಬುದರ ಮೇಲೆ ನಿಂತಿದೆ.

ಹಾಗಾಗಿ ಇಲ್ಲಿ ತುದಿಗಳಿಂದಲೇ ಯೋಚಿಸೋಣ. ಅಳತೆ ನಡೆಯುವ ಮಧ್ಯದ ಗೇಜ್ ಭಾಗ ಬರೀ ಒಂದು ನೇರ ಪಟ್ಟಿ. ಅಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಮಷೀನ್‌ನ ಲೋಡ್ ಪಟ್ಟಿಯೊಳಗೆ ಇಳಿಯುವ ಆ ಐದಾರು ಸೆಂಟಿಮೀಟರ್‌ನಲ್ಲೇ ನಿಜವಾದ ಕೆಲಸ ಇರುವುದು.

ಡಂಬೆಲ್ ಆಕಾರ ಬೇಡ

ಸ್ಟೀಲ್ ಅಥವಾ ಪ್ಲಾಸ್ಟಿಕ್ ಟೆಸ್ಟ್ ಮಾಡಿ ಅಭ್ಯಾಸ ಇರುವವರ ಕೈ ಮೊದಲು ಡಂಬೆಲ್ ಆಕಾರದ ಕಡೆಗೇ ಹೋಗುತ್ತದೆ. ನಡುವೆ ಕಿರಿದು, ತುದಿಯಲ್ಲಿ ಅಗಲ. ಎಲ್ಲ ಫೈಬರ್ ಒಂದೇ ದಿಕ್ಕಿಗಿರುವ ಯೂನಿಡೈರೆಕ್ಷನಲ್ ಲ್ಯಾಮಿನೇಟ್‌ಗೆ (ಪದರ ಪದರವಾಗಿ ಅಂಟಿಸಿದ ಕಾಂಪೋಸಿಟ್ ಹಾಳೆಗೆ) ಇದು ಕೆಲಸ ಮಾಡುವುದಿಲ್ಲ. ಅಗಲ ತುದಿಯ ಲೋಡ್ ಕಿರಿದಾದ ಭಾಗಕ್ಕೆ ಬರಬೇಕಾದರೆ ಶಿಯರ್ ಮೂಲಕವೇ, ಅಂದರೆ ಪಕ್ಕಪಕ್ಕದ ಫೈಬರ್‌ಗಳು ಒಂದನ್ನೊಂದು ಜಾರಿಸಲು ನೋಡುವ ಬಲದಿಂದಲೇ, ಬರಬೇಕು. ಫೈಬರ್ ಉದ್ದಕ್ಕೆ ಎಳೆದರೆ ಕಾರ್ಬನ್-ಎಪಾಕ್ಸಿ ಲ್ಯಾಮಿನೇಟ್ ಸುಮಾರು 2000 ಮೆಗಾಪಾಸ್ಕಲ್ ತಡೆಯಬಹುದು. ಆದರೆ ಫೈಬರ್‌ಗಳ ನಡುವಿನ ಶಿಯರ್ ಸ್ಟ್ರೆಂತ್ 100 ಮೆಗಾಪಾಸ್ಕಲ್‌ನ ಆಸುಪಾಸಿನಲ್ಲೇ ಇರುತ್ತದೆ. ಹೀಗಾಗಿ ಭುಜ ತಿರುಗುವ ಜಾಗದಿಂದ ಫೈಬರ್ ಉದ್ದಕ್ಕೂ ಸೀಳು ಓಡುತ್ತದೆ. ಎರಡೂ ಬದಿಯ ಹೆಚ್ಚುವರಿ ಅಗಲ ಸೀಳಿಕೊಂಡು ಬೇರೆಯಾಗುತ್ತದೆ. ಕೊನೆಗೆ ಗ್ರಿಪ್‌ನಲ್ಲಿ ಉಳಿಯುವುದು ನೇರ ಪಟ್ಟಿಯೇ. ಅದನ್ನೇ ಮೊದಲೇ ಮಾಡಿದರೆ ಆಯ್ತು, ಅಲ್ವಾ?

ತುಂಡು ಫೈಬರ್ ಹಾಕಿ ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್‌ಗಳಿಗೆ ಡಂಬೆಲ್ ನಡೆಯುತ್ತದೆ. ಈ ಲೇಖನ ಉದ್ದ ಫೈಬರ್‌ನ ಲ್ಯಾಮಿನೇಟ್‌ಗಳ ಬಗ್ಗೆ.

ಹೆಜ್ಜೆ 1: ಯಾವ ಸಂಖ್ಯೆ ಬೇಕು ಎಂದು ತೀರ್ಮಾನಿಸಿ

ಮಾಡ್ಯುಲಸ್ (ಹಿಗ್ಗದೆ ತಡೆಯುವ ಬಿಗಿತನದ ಅಳತೆ) ಮಾತ್ರ ಬೇಕಾದರೆ ಕೆಲಸ ಅರ್ಧ ಹಗುರವಾಗುತ್ತದೆ. ಮಾಡ್ಯುಲಸ್ ಅಳೆಯುವುದು ಕಡಿಮೆ ಸ್ಟ್ರೇನ್‌ನಲ್ಲಿ, ಅಂದರೆ ಪಟ್ಟಿ ಸ್ವಲ್ಪವೇ ಹಿಗ್ಗಿದಾಗ. ಆಮೇಲೆ ಪಟ್ಟಿ ಗ್ರಿಪ್ ಹತ್ತಿರ ಮುರಿದರೂ ನಿಮ್ಮ ಸಂಖ್ಯೆಗೆ ಧಕ್ಕೆ ಇಲ್ಲ. ಸ್ಟ್ರೆಂತ್ ಬೇಕು ಅಂದರೆ ಮುಂದಿನ ಪ್ರತಿ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ.

ಜಾಸ್ತಿ ಬಳಕೆಯಲ್ಲಿರುವ ಸ್ಟ್ಯಾಂಡರ್ಡ್‌ಗಳು ಎರಡು. ಒಂದು ಎಎಸ್‌ಟಿಎಂ ಡಿ3039. ಇನ್ನೊಂದು ಐಎಸ್‌ಒ 527. ಇದರಲ್ಲಿ 4ನೇ ಭಾಗ ಬಟ್ಟೆ, ಮ್ಯಾಟ್ ಮತ್ತು ಹಲವು ದಿಕ್ಕಿನ ಲ್ಯಾಮಿನೇಟ್‌ಗಳಿಗೆ, 5ನೇ ಭಾಗ ಯೂನಿಡೈರೆಕ್ಷನಲ್‌ಗೆ. ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಿರಿ. ಅಳತೆ ಒಂದರಿಂದ, ಮಾಡ್ಯುಲಸ್ ಲೆಕ್ಕ ಇನ್ನೊಂದರಿಂದ ತೆಗೆದರೆ ನಿಮ್ಮ ಫಲಿತಾಂಶವನ್ನು ಬೇರೆಯವರ ಜೊತೆ ಹೋಲಿಸಲು ಆಗುವುದಿಲ್ಲ.

ಡಿ3039 ಸೂಚಿಸುವ ಅಳತೆಗಳು ಹೀಗಿವೆ:

- ಎಳೆಯುವ ದಿಕ್ಕಿಗೇ ಫೈಬರ್ ಇರುವ 0 ಡಿಗ್ರಿ ಪಟ್ಟಿ: ಅಗಲ 15 ಮಿ.ಮೀ., ಉದ್ದ 250, ದಪ್ಪ 1. ಟ್ಯಾಬ್ ಉದ್ದ 56, ಟ್ಯಾಬ್ ದಪ್ಪ 1.5.
- ಅಡ್ಡ ಫೈಬರ್‌ನ 90 ಡಿಗ್ರಿ ಪಟ್ಟಿ: ಅಗಲ 25 ಮಿ.ಮೀ., ಉದ್ದ 175, ದಪ್ಪ 2. ಟ್ಯಾಬ್ ಉದ್ದ 25, ದಪ್ಪ 1.5.
- ಬ್ಯಾಲೆನ್ಸ್ಡ್ (ಪ್ರತಿ + ಕೋನದ ಪದರಕ್ಕೂ ಒಂದು − ಕೋನದ ಪದರ ಇರುವ), ಸಿಮೆಟ್ರಿಕ್ ಲ್ಯಾಮಿನೇಟ್: ಅಗಲ 25 ಮಿ.ಮೀ., ಉದ್ದ 250, ದಪ್ಪ 2.5. ಟ್ಯಾಬ್ ಬದಲು ಎಮೆರಿ ಬಟ್ಟೆ ಸಾಕು.

ಇವು ಶಿಫಾರಸು ಮಾತ್ರ. ಬದಲಾಯಿಸುವ ಸ್ವಾತಂತ್ರ್ಯ ನಿಮಗಿದೆ. ಆದರೆ ಈ ಅಳತೆಗಳ ಹಿಂದಿನ ಲೆಕ್ಕ ತಿಳಿಯದೆ ಬದಲಾಯಿಸಬೇಡಿ.

ಹೆಜ್ಜೆ 2: ಲೋಡ್ ಲೆಕ್ಕ ಹಾಕಿ, ಆಮೇಲೆ ದಪ್ಪ ನಿರ್ಧರಿಸಿ

ಅಗಲ, ದಪ್ಪ, ನಿರೀಕ್ಷಿತ ಸ್ಟ್ರೆಂತ್, ಮೂರನ್ನೂ ಗುಣಿಸಿ. 15 ಮಿ.ಮೀ. ಅಗಲ, 1 ಮಿ.ಮೀ. ದಪ್ಪ, 2000 ಮೆಗಾಪಾಸ್ಕಲ್ ಅಂದರೆ 30 ಕಿಲೋನ್ಯೂಟನ್. ಅದೇ ಲ್ಯಾಮಿನೇಟ್‌ನ 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಪಟ್ಟಿಗೆ 100 ಕಿಲೋನ್ಯೂಟನ್ ಬೇಕು. ನಿಮ್ಮ ಮಷೀನ್ 50 ಕಿಲೋನ್ಯೂಟನ್‌ದಾದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಮಷೀನ್ ದೊಡ್ಡದಿದ್ದರೂ ದಪ್ಪ ಹೆಚ್ಚಿಸುವುದು ಜಾಣತನವಲ್ಲ. ಕಾರಣ ಟ್ಯಾಬ್ ಹಿಡಿದಿರುವ ಅಂಟು. ಇಡೀ ಲೋಡ್ ಎರಡು ಮುಖದ ಅಂಟಿನ ಶಿಯರ್ ಮೂಲಕ ಪಟ್ಟಿಗೆ ಹೋಗುತ್ತದೆ. ಟ್ಯಾಬ್‌ಗೆ ಬೇಕಾದ ಕನಿಷ್ಠ ಉದ್ದದ ಲೆಕ್ಕ ಸರಳ. ಪಟ್ಟಿಯ ಸ್ಟ್ರೆಂತ್ ಅನ್ನು ಅದರ ದಪ್ಪದಿಂದ ಗುಣಿಸಿ, ಅಂಟಿನ ಶಿಯರ್ ಸ್ಟ್ರೆಂತ್‌ನ ಎರಡರಷ್ಟರಿಂದ ಭಾಗಿಸಿ. ಅಗಲ ಎರಡೂ ಕಡೆ ಇರುವುದರಿಂದ ಹೊಡೆದು ಹೋಗುತ್ತದೆ.

ಅಂಟು 25 ಮೆಗಾಪಾಸ್ಕಲ್ ತಡೆಯುತ್ತದೆ ಅಂದುಕೊಳ್ಳಿ. 1 ಮಿ.ಮೀ. ಪಟ್ಟಿಗೆ 2000 × 1 ÷ 50, ಅಂದರೆ 40 ಮಿ.ಮೀ. ಟ್ಯಾಬ್ ಬೇಕು. 56 ಮಿ.ಮೀ. ಇಟ್ಟರೆ ಅಂಟಿನ ಮೇಲೆ ಸರಾಸರಿ 18 ಮೆಗಾಪಾಸ್ಕಲ್ ಬೀಳುತ್ತದೆ, ಉಸಿರಾಡಲು ಜಾಗ ಇದೆ. ದಪ್ಪ 2 ಮಿ.ಮೀ. ಮಾಡಿದಿರೋ, 80 ಮಿ.ಮೀ. ಟ್ಯಾಬ್ ಬೇಕಾಗುತ್ತದೆ. ಅಷ್ಟುದ್ದ ಹಿಡಿಯುವ ಗ್ರಿಪ್ ಎಲ್ಲರ ಹತ್ತಿರ ಇರುವುದಿಲ್ಲ. ಇನ್ನೊಂದು ವಿಷಯ: ಅಂಟಿನ ಮೇಲಿನ ಸ್ಟ್ರೆಸ್ ಎಲ್ಲೆಡೆ ಸಮ ಇರುವುದಿಲ್ಲ, ಟ್ಯಾಬ್‌ನ ತುದಿಗಳಲ್ಲಿ ಏರುತ್ತದೆ. ಹಾಗಾಗಿ ಉದ್ದ ಹೆಚ್ಚಿಸುತ್ತಾ ಹೋದರೂ ಲಾಭ ಅದೇ ಪ್ರಮಾಣದಲ್ಲಿ ಬರುವುದಿಲ್ಲ. 0 ಡಿಗ್ರಿ ಪಟ್ಟಿ ಅಷ್ಟು ತೆಳ್ಳಗೆ ಇರುವುದಕ್ಕೆ ಇದೇ ಕಾರಣ.

90 ಡಿಗ್ರಿ ಪಟ್ಟಿಯ ಕಥೆ ಉಲ್ಟಾ. ಅಲ್ಲಿ ಸ್ಟ್ರೆಂತ್ 50 ಮೆಗಾಪಾಸ್ಕಲ್ ಇದ್ದರೆ 25 × 2 ಮಿ.ಮೀ. ಪಟ್ಟಿ ಬರೀ 2.5 ಕಿಲೋನ್ಯೂಟನ್‌ಗೆ ಮುರಿಯುತ್ತದೆ. ಟ್ಯಾಬ್ ದೊಡ್ಡ ಸಮಸ್ಯೆಯಲ್ಲ. ಬದಲಿಗೆ ಚಿಕ್ಕ ಲೋಡ್ ಸೆಲ್ (ಲೋಡ್ ಅಳೆಯುವ ಸೆನ್ಸರ್) ಬೇಕು. ಪಟ್ಟಿಯನ್ನು ಕೈಯಲ್ಲಿ ಎತ್ತುವಾಗಲೂ ಬಗ್ಗದಂತೆ ಹುಷಾರಾಗಿರಬೇಕು.

ಹೆಜ್ಜೆ 3: ಪ್ಲೈ ಕ್ರಮ ಮತ್ತು ಕೋನ

ಒಂದು ಪ್ಲೈ, ಅಂದರೆ ಲ್ಯಾಮಿನೇಟ್‌ನ ಒಂದು ಪದರ, 0.125 ಮಿ.ಮೀ. ಇದ್ದರೆ 8 ಪ್ಲೈಗೆ 1 ಮಿ.ಮೀ. ದಪ್ಪ ಸಿಗುತ್ತದೆ. ಕ್ರಮ ಸಿಮೆಟ್ರಿಕ್ ಇರಲಿ. ಮೇಲಿನ ಅರ್ಧ ಕೆಳಗಿನ ಅರ್ಧದ ಪ್ರತಿಬಿಂಬದಂತೆ ಇರಬೇಕು. ಇಲ್ಲದಿದ್ದರೆ ಕ್ಯೂರ್ ಆಗಿ (ರೆಸಿನ್ ಗಟ್ಟಿಯಾಗಿ) ತಣ್ಣಗಾಗುವಾಗಲೇ ಪಟ್ಟಿ ಕತ್ತರಿಸುವ ಪ್ಯಾನೆಲ್ ಸೊಟ್ಟಗಾಗುತ್ತದೆ. ಎಳೆದಾಗ ಬಾಗುತ್ತದೆ ಅಥವಾ ತಿರುಚಿಕೊಳ್ಳುತ್ತದೆ.

ಕೋನದ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಒಂದು ಡಿಗ್ರಿ ಓರೆ ಅಂದರೆ ಎಷ್ಟು ಮಹಾ ಅನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಎರಡು ಟ್ಯಾಬ್‌ಗಳ ನಡುವೆ 138 ಮಿ.ಮೀ. ಇದೆ. ಫೈಬರ್ ಒಂದು ಡಿಗ್ರಿ ಓರೆಯಾಗಿದ್ದರೆ ಆ ದೂರದಲ್ಲಿ ಅದು 2.4 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಪಟ್ಟಿಯ ಅಗಲವೇ 15 ಮಿ.ಮೀ. ಅಂದರೆ ಸುಮಾರು ಆರರಲ್ಲಿ ಒಂದು ಭಾಗದ ಫೈಬರ್‌ಗಳು ಒಂದು ಟ್ಯಾಬ್‌ನಿಂದ ಹೊರಟು ಇನ್ನೊಂದನ್ನು ತಲುಪುವುದೇ ಇಲ್ಲ, ಮಧ್ಯೆಯೇ ಅಂಚಿನಲ್ಲಿ ಕತ್ತರಿಸಿಹೋಗಿರುತ್ತವೆ. ಶಿಯರ್ ಕಡೆಯಿಂದ ನೋಡಿದರೂ ಅಷ್ಟೇ. 2000 ಮೆಗಾಪಾಸ್ಕಲ್ ಎಳೆತದಲ್ಲಿ ಒಂದು ಡಿಗ್ರಿ ಓರೆಗೆ 35 ಮೆಗಾಪಾಸ್ಕಲ್ ಶಿಯರ್ ಹುಟ್ಟುತ್ತದೆ, ಎರಡು ಡಿಗ್ರಿಗೆ 70, ಮೂರಕ್ಕೆ 100 ದಾಟುತ್ತದೆ. ಅಷ್ಟರಲ್ಲಿ ಪಟ್ಟಿ ಫೈಬರ್ ಮುರಿದು ಸೋಲುವ ಬದಲು ಸೀಳಿ ಸೋಲುತ್ತದೆ. ನೀವು ಅಳೆಯುತ್ತಿರುವುದು ಆಗ ಬೇರೆಯೇ ಗುಣ.

ಪ್ಯಾನೆಲ್‌ನ ಅಂಚನ್ನು ನಂಬಿ ಕತ್ತರಿಸಬೇಡಿ. ಪ್ಲೈ ಜೋಡಿಸುವಾಗ ಅಂಚು ಸರಿದಿರಬಹುದು. ಯೂನಿಡೈರೆಕ್ಷನಲ್ ಪ್ಯಾನೆಲ್‌ಗೆ ಒಳ್ಳೆಯ ಉಪಾಯ ಇದೆ. ಬದಿಯ ಹೆಚ್ಚುವರಿ ಭಾಗದಿಂದ ಒಂದು ಎಳೆಯನ್ನು ಫೈಬರ್ ಉದ್ದಕ್ಕೆ ಸೀಳಿ ತೆಗೆಯಿರಿ. ಸೀಳು ಫೈಬರ್‌ನ ದಾರಿಯನ್ನೇ ಹಿಡಿಯುತ್ತದೆ. ಆ ಗೆರೆಯನ್ನೇ ಆಧಾರ ಮಾಡಿಕೊಂಡು ಮಿಕ್ಕ ಎಲ್ಲ ಕಟ್ ಹಾಕಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ 0 ಡಿಗ್ರಿ ಪಟ್ಟಿ ಕೈಕೊಡುತ್ತಿದ್ದರೆ ಇನ್ನೊಂದು ದಾರಿ ಇದೆ. 90 ಮತ್ತು 0 ಪ್ಲೈಗಳನ್ನು ಒಂದರ ಮೇಲೊಂದು ಹಾಕಿದ ಕ್ರಾಸ್-ಪ್ಲೈ ಪಟ್ಟಿಯನ್ನು ಎಳೆದು, 0 ಪ್ಲೈಯ ಪಾಲಿನ ಸ್ಟ್ರೆಸ್ ಅನ್ನು ಲ್ಯಾಮಿನೇಟ್ ಲೆಕ್ಕದಿಂದ ಹೊರತೆಗೆಯಬಹುದು. ಹೊರಗಿನ ಪ್ಲೈ 90 ಇದ್ದರೆ ಗ್ರಿಪ್‌ನ ಹಲ್ಲಿನ ಗಾಯವೂ ಮುಖ್ಯ ಫೈಬರ್‌ಗೆ ತಗಲುವುದಿಲ್ಲ. ಟ್ಯಾಬ್ ಅಂಟಿಸುವ ಕೌಶಲ ಇನ್ನೂ ಕುದುರದ ಲ್ಯಾಬ್‌ಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಹಲವು ದಿಕ್ಕಿನ ಲ್ಯಾಮಿನೇಟ್‌ನಲ್ಲಿ ಅಂಚು ಬೇರೆ ತಕರಾರು ತೆಗೆಯುತ್ತದೆ. ಪಕ್ಕಪಕ್ಕದ ಪ್ಲೈಗಳು ಎಳೆದಾಗ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಲು ನೋಡುತ್ತವೆ. ಇದರಿಂದ ಅಂಚಿನಲ್ಲಿ ಪದರಗಳನ್ನು ಬಿಚ್ಚುವ ಸ್ಟ್ರೆಸ್ ಹುಟ್ಟುತ್ತದೆ ಎಂದು ಸಂಶೋಧಕರಾದ ಪೈಪ್ಸ್ ಮತ್ತು ಪಗಾನೊ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇದರ ಪ್ರಭಾವ ಅಂಚಿನಿಂದ ಸುಮಾರು ಲ್ಯಾಮಿನೇಟ್‌ನ ದಪ್ಪದಷ್ಟು ಒಳಗೆ ಇರುತ್ತದೆ. ಹಾಗಾಗಿ ಅಗಲ ದಪ್ಪಕ್ಕಿಂತ ಬಹಳ ಪಟ್ಟು ಜಾಸ್ತಿ ಇರಲಿ. ಒಂದೇ ಕೋನದ ನಾಲ್ಕೈದು ಪ್ಲೈಗಳನ್ನು ಒಟ್ಟಿಗೆ ಗುಡ್ಡೆ ಹಾಕಬೇಡಿ, ಹಂಚಿ ಹಾಕಿ. 45, 0, −45, 90 ಎಂದು ಸುತ್ತು ಸುತ್ತಾಗಿ ಹಾಕಿದರೆ ಪದರ ಬಿಚ್ಚುವುದು ತಡವಾಗುತ್ತದೆ.

ನೇಯ್ದ ಬಟ್ಟೆಯ ಲ್ಯಾಮಿನೇಟ್‌ಗೆ ನೇಯ್ಗೆಯ ವಿನ್ಯಾಸ ಮರುಕಳಿಸುವ ಅಳತೆ ನೋಡಿ. ಪಟ್ಟಿಯ ಅಗಲದಲ್ಲಿ ಅಂಥ ಕನಿಷ್ಠ ಎರಡು ಘಟಕ ಪೂರ್ತಿ ಸಿಗಬೇಕು. ದಪ್ಪ ಟೋ (ಫೈಬರ್‌ಗಳ ಕಟ್ಟು) ಇರುವ ಬಟ್ಟೆಗೆ 25 ಮಿ.ಮೀ. ಸಾಲದೆ ಹೋಗಬಹುದು. ಪಟ್ಟಿಗೆ ಅಂಟಿಸಿ ಹಿಗ್ಗುವಿಕೆ ಅಳೆಯುವ ಸ್ಟ್ರೇನ್ ಗೇಜ್‌ನ ಉದ್ದವೂ ಒಂದು ಘಟಕಕ್ಕಿಂತ ಚಿಕ್ಕದಿರಬಾರದು. ಚಿಕ್ಕದಾದರೆ ಒಂದು ಗೇಜ್ ಟೋ ಮೇಲೆ, ಇನ್ನೊಂದು ರೆಸಿನ್ ಮೇಲೆ ಕೂತು ಎರಡು ಬೇರೆ ಮಾಡ್ಯುಲಸ್ ಹೇಳುತ್ತವೆ.

ಹೆಜ್ಜೆ 4: ಟ್ಯಾಬ್

ಸ್ಪೆಸಿಮನ್ ಗೆಲ್ಲುವುದೂ ಸೋಲುವುದೂ ಇಲ್ಲಿಯೇ.

ಟ್ಯಾಬ್ ಎರಡು ಕೆಲಸ ಮಾಡಬೇಕು. ಗ್ರಿಪ್‌ನ ಹಲ್ಲು ಪಟ್ಟಿಯ ಫೈಬರ್‌ಗೆ ನಾಟದಂತೆ ತಡೆಯಬೇಕು. ಲೋಡ್ ಅನ್ನು ನಿಧಾನವಾಗಿ ಪಟ್ಟಿಗೆ ದಾಟಿಸಬೇಕು. ಮೊದಲ ಕೆಲಸಕ್ಕೆ ಗಟ್ಟಿ ವಸ್ತು ಬೇಕು, ಎರಡನೆಯದಕ್ಕೆ ಮೆತ್ತಗಿನದು. ಈ ಎಳೆದಾಟಕ್ಕೆ ಒಳ್ಳೆಯ ಉತ್ತರ ಗ್ಲಾಸ್-ಎಪಾಕ್ಸಿ ಶೀಟ್. 0/90 ಗ್ಲಾಸ್ ಶೀಟನ್ನು 45 ಡಿಗ್ರಿ ತಿರುಗಿಸಿ ಕತ್ತರಿಸಿ. ಆಗ ಅದರ ಫೈಬರ್‌ಗಳು ಎಳೆತಕ್ಕೆ ±45 ಕೋನದಲ್ಲಿ ಇರುತ್ತವೆ. ಎಳೆಯುವ ದಿಕ್ಕಿನಲ್ಲಿ ಟ್ಯಾಬ್ ಮೆತ್ತಗಾಗುತ್ತದೆ, ಹಲ್ಲಿನ ಒತ್ತಡವನ್ನೂ ತಡೆಯುತ್ತದೆ. ಸ್ಟೀಲ್ ಟ್ಯಾಬ್ ಹಾಕುವವರಿದ್ದಾರೆ. ಅದರ ತುದಿಯಲ್ಲಿ ಗಡಸುತನ ಒಮ್ಮೆಲೇ ಬದಲಾಗುವುದರಿಂದ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಟ್ಯಾಬ್‌ನ ಒಳತುದಿ ಇಳಿಜಾರಾಗಿರಬೇಕೋ ನೇರವಾಗಿರಬೇಕೋ ಎಂಬ ಚರ್ಚೆ ಹಳೆಯದು. 0 ಡಿಗ್ರಿ ಪಟ್ಟಿಗೆ 7 ಡಿಗ್ರಿ ಇಳಿಜಾರು ಅಥವಾ 90 ಡಿಗ್ರಿ ನೇರ ತುದಿ, ಎರಡಕ್ಕೂ ಡಿ3039 ಒಪ್ಪುತ್ತದೆ. 1.5 ಮಿ.ಮೀ. ದಪ್ಪದ ಟ್ಯಾಬ್‌ನಲ್ಲಿ 7 ಡಿಗ್ರಿ ಇಳಿಜಾರು ಸುಮಾರು 12 ಮಿ.ಮೀ. ಉದ್ದ ಬರುತ್ತದೆ. ಇಳಿಜಾರು ಸ್ಟ್ರೆಸ್ ಏರಿಕೆಯನ್ನು ತಗ್ಗಿಸುತ್ತದೆ. ಆದರೆ ಆ ತೆಳು ನಾಲಿಗೆಯನ್ನು ಗ್ರಿಪ್ ಒತ್ತಿ ಹಿಡಿದಿಲ್ಲದಿದ್ದರೆ ಅದು ಅಲ್ಲಿಂದಲೇ ಏಳಲು ಶುರುವಾಗುತ್ತದೆ. ಆದ್ದರಿಂದ ಗ್ರಿಪ್‌ನ ಅಂಚು ಇಳಿಜಾರು ಶುರುವಾಗುವ ಜಾಗಕ್ಕಾದರೂ ಬರಬೇಕು, ಸ್ವಲ್ಪ ದಾಟಿದರೆ ಇನ್ನೂ ಒಳ್ಳೆಯದು. ನಿಮ್ಮ ಅಂಟು ಚೆನ್ನಾಗಿ ಹಿಗ್ಗುವಂಥದ್ದಾದರೆ ನೇರ ತುದಿಯೂ ಒಳ್ಳೆಯ ಫಲ ಕೊಡುತ್ತದೆ, ಮಾಡುವುದೂ ಸುಲಭ.

ಅಂಟು ಆರಿಸುವಾಗ ಬರೀ ಸ್ಟ್ರೆಂತ್ ನೋಡಬೇಡಿ. ಹಿಗ್ಗುವ ಗುಣ ಅಷ್ಟೇ ಮುಖ್ಯ. ಹಿಗ್ಗದ ಪೆಡಸು ಅಂಟು ತುದಿಯಲ್ಲಿ ಬಿರುಕು ಬಿಟ್ಟರೆ ಆ ಬಿರುಕು ಒಳಗೆ ಓಡುತ್ತದೆ. ಅಂಟಿನ ಕ್ಯೂರ್ ತಾಪಮಾನ ಲ್ಯಾಮಿನೇಟ್‌ನ ಗಾಜು-ಪರಿವರ್ತನೆ ತಾಪಮಾನಕ್ಕಿಂತ (ರೆಸಿನ್ ಮೆತ್ತಗಾಗುವ ತಾಪಮಾನಕ್ಕಿಂತ) ಕೆಳಗಿರಲಿ. ಬಿಸಿ ಮತ್ತು ತೇವದಲ್ಲಿ ಟೆಸ್ಟ್ ಮಾಡುವುದಿದ್ದರೆ ಆ ಸ್ಥಿತಿಯಲ್ಲಿ ಅಂಟು ಎಷ್ಟು ತಡೆಯುತ್ತದೆ ಎಂದು ಹೆಜ್ಜೆ 2ರ ಲೆಕ್ಕವನ್ನು ಮತ್ತೆ ಮಾಡಿ.

ಅಂಟಿಸುವ ಕ್ರಮ ಹೀಗಿರಲಿ. ಪಟ್ಟಿಗಳನ್ನು ಕತ್ತರಿಸುವ ಮೊದಲೇ ಇಡೀ ಪ್ಯಾನೆಲ್‌ಗೆ ಟ್ಯಾಬ್ ಅಂಟಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕತ್ತರಿಸಿ. ಒಂದೊಂದೇ ಪಟ್ಟಿಗೆ ನಾಲ್ಕು ನಾಲ್ಕು ಟ್ಯಾಬ್ ಅಂಟಿಸಿದರೆ ಒಂದಲ್ಲ ಒಂದು ಸರಿದಿರುತ್ತದೆ. ಮುಂದಿನ ಮುಖದ ಟ್ಯಾಬ್ ಅಂಚು ಹಿಂದಿನ ಮುಖದ ಅಂಚಿನ ನೇರಕ್ಕೇ ಬರಬೇಕು. ಗೇಜ್ ಭಾಗಕ್ಕೆ ಟೇಪ್ ಹಚ್ಚಿ ಮುಚ್ಚಿ. ಟ್ಯಾಬ್ ಕೂರುವ ಜಾಗವನ್ನು ಮಾತ್ರ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ. ಹೊಳಪು ಹೋಗಬೇಕು, ಫೈಬರ್ ಕಾಣಬಾರದು. ಅಸಿಟೋನ್‌ನಿಂದ ಒರೆಸಿ, ಒಣಗಿಸಿ, ಬರಿಗೈ ತಾಗಿಸದೆ ಅಂಟು ಹಚ್ಚಿ. ಕ್ಯೂರ್ ಆಗುವವರೆಗೆ ಸಮವಾಗಿ ಒತ್ತಿ ಹಿಡಿಯಿರಿ. ಅಂಟಿನ ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ಪಟ್ಟಿ ಗ್ರಿಪ್‌ನಲ್ಲಿ ಓರೆಯಾಗಿ ಕೂತು ಬಾಗುತ್ತದೆ.

ಬಟ್ಟೆಯ ಅಥವಾ ಹಲವು ದಿಕ್ಕಿನ ಲ್ಯಾಮಿನೇಟ್‌ಗೆ ಸುಮ್ನೆ ಟ್ಯಾಬ್ ಹಾಕಬೇಡಿ. ಎಮೆರಿ ಬಟ್ಟೆಯ ಒರಟು ಮುಖ ಪಟ್ಟಿಯ ಕಡೆ ಇಟ್ಟು ಹಿಡಿದರೆ ಎಷ್ಟೋ ಸಲ ಸಾಕಾಗುತ್ತದೆ. ಕೆಟ್ಟದಾಗಿ ಅಂಟಿಸಿದ ಟ್ಯಾಬ್‌ಗಿಂತ ಟ್ಯಾಬ್ ಇಲ್ಲದಿರುವುದೇ ವಾಸಿ.

ಹೆಜ್ಜೆ 5: ಪ್ಯಾನೆಲ್ ಮತ್ತು ಕತ್ತರಿಸುವುದು

ಪ್ರತಿ ಸ್ಥಿತಿಗೆ ಕನಿಷ್ಠ 5 ಸ್ಪೆಸಿಮನ್‌ನ ಫಲಿತಾಂಶ ಬೇಕು. 7 ಕತ್ತರಿಸಿ. ಅಗಲದ ಲೆಕ್ಕ: 7 ಪಟ್ಟಿಗೆ 105 ಮಿ.ಮೀ., ಬ್ಲೇಡ್ ತಿನ್ನುವುದು ಕಟ್‌ಗೆ ಎರಡೂವರೆ ಮಿ.ಮೀ.ನಂತೆ 8 ಕಟ್‌ಗೆ 20. ಎರಡೂ ಬದಿ 25 ಮಿ.ಮೀ. ಬಿಸಾಡಲು ಬಿಡಿ, ಏಕೆಂದರೆ ಅಂಚಿನಲ್ಲಿ ರೆಸಿನ್ ಹರಿದು ದಪ್ಪ ಬದಲಾಗಿರುತ್ತದೆ. ಒಟ್ಟು 175. ಹಾಗಾಗಿ 300 × 200 ಮಿ.ಮೀ. ಪ್ಯಾನೆಲ್ ಮಾಡಿದರೆ ನೆಮ್ಮದಿ.

ಕತ್ತರಿಸುವ ಮೊದಲು ಇಡೀ ಪ್ಯಾನೆಲ್‌ನ ಮೇಲೆ ಮಾರ್ಕರ್‌ನಿಂದ ಒಂದು ಓರೆ ಗೆರೆ ಎಳೆಯಿರಿ. ಪಟ್ಟಿಗಳು ಬೆರೆತುಹೋದರೂ ಗೆರೆ ಕೂಡಿಸಿ ನೋಡಿದರೆ ಯಾವುದು ಎಲ್ಲಿಂದ ಬಂತೆಂದು ತಿಳಿಯುತ್ತದೆ.

ನೀರು ಹಾಯಿಸುವ ಡೈಮಂಡ್ ಬ್ಲೇಡ್ ಒಳ್ಳೆಯ ಆಯ್ಕೆ. ವಾಟರ್‌ಜೆಟ್ ಬಳಸುವುದಾದರೆ ತೂತು ಹೊಡೆದು ಶುರು ಮಾಡುವ ಜಾಗ ಪ್ಯಾನೆಲ್‌ನ ಹೊರಗಿರಲಿ. ಒಳಗೆ ಚುಚ್ಚಿದರೆ ಆ ಏಟಿಗೆ ಪದರ ಬಿಚ್ಚಿಕೊಳ್ಳಬಹುದು. ಅಂಚನ್ನು ಸಣ್ಣ ಗ್ರಿಟ್‌ನ ಸ್ಯಾಂಡ್ ಪೇಪರ್‌ನಿಂದ ಪಟ್ಟಿಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. 90 ಡಿಗ್ರಿ ಪಟ್ಟಿಯಲ್ಲಿ ಅಂಚಿನ ಒಂದು ಗೀರೇ ಸ್ಟ್ರೆಂತ್ ತೀರ್ಮಾನಿಸಬಲ್ಲದು, ಅದಕ್ಕೆ ಅಲ್ಲಿ ಹೆಚ್ಚು ಹೊತ್ತು ಕೊಡಿ. ಕಾರ್ಬನ್ ಧೂಳು ವಿದ್ಯುತ್ ಹರಿಸುತ್ತದೆ, ಶ್ವಾಸಕ್ಕೂ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಧೂಳನ್ನು ಎಲೆಕ್ಟ್ರಾನಿಕ್ಸ್‌ನಿಂದ ದೂರ ಇಡಿ.

ಅಗಲದಲ್ಲಿ ±1 ಶೇಕಡಾ, ದಪ್ಪದಲ್ಲಿ ±4 ಶೇಕಡಾ ವ್ಯತ್ಯಾಸದವರೆಗೆ ಡಿ3039 ಬಿಡುತ್ತದೆ. 15 ಮಿ.ಮೀ. ಪಟ್ಟಿಗೆ ಅದು ಬರೀ 0.15 ಮಿ.ಮೀ. ಗೇಜ್ ಭಾಗದಲ್ಲಿ ಮೂರು ಕಡೆ ಅಳೆದು ಸರಾಸರಿ ವಿಸ್ತೀರ್ಣ ತೆಗೆಯಿರಿ. ಪೀಲ್-ಪ್ಲೈ (ಕ್ಯೂರ್ ಆದ ಮೇಲೆ ಕಿತ್ತು ತೆಗೆಯುವ ಬಟ್ಟೆ) ಬಿಟ್ಟ ಒರಟು ಮುಖ ಇದ್ದರೆ ಗುಂಡುಮೂತಿಯ ಮೈಕ್ರೋಮೀಟರ್ ಬಳಸಿ. ಚಪ್ಪಟೆ ಮೂತಿ ಉಬ್ಬುಗಳ ಮೇಲೆ ಕೂತು ದಪ್ಪವನ್ನು ಜಾಸ್ತಿ ತೋರಿಸುತ್ತದೆ.

ಹೆಜ್ಜೆ 6: ಎರಡನ್ನು ಮೊದಲು ಮುರಿಯಿರಿ

ಎಲ್ಲ ಪಟ್ಟಿಗಳನ್ನೂ ಒಂದೇ ಉಸಿರಿಗೆ ಮುರಿಯಬೇಡಿ. ಎರಡು ಪ್ರಯೋಗಕ್ಕೆ. ಮೊದಲನೆಯದಕ್ಕೆ ಮುಂದೆ ಹಿಂದೆ ಎರಡೂ ಮುಖಕ್ಕೆ ಸ್ಟ್ರೇನ್ ಗೇಜ್ ಅಂಟಿಸಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಬಾಗುವಿಕೆಯ ಶೇಕಡಾ ಸಿಗುತ್ತದೆ. 0.1 ಶೇಕಡಾ ಸ್ಟ್ರೇನ್ ದಾಟಿದ ಮೇಲೆ ಅದು 3ರಿಂದ 5ರೊಳಗೆ ಇರಬೇಕು. ಹೆಚ್ಚಿದ್ದರೆ ಪಟ್ಟಿಯನ್ನು ತಿರುಗಿಸಿ ಹಾಕಿ ಮತ್ತೆ ನೋಡಿ. ಬಾಗುವಿಕೆ ಪಟ್ಟಿಯ ಜೊತೆ ತಿರುಗಿದರೆ ತಪ್ಪು ಪಟ್ಟಿಯದು, ಹಾಗೇ ಉಳಿದರೆ ಗ್ರಿಪ್‌ನದು.

ವೇಗ ನಿಮಿಷಕ್ಕೆ 2 ಮಿ.ಮೀ. ಇಟ್ಟು ಶುರು ಮಾಡಿ. ಮುರಿತ 1ರಿಂದ 10 ನಿಮಿಷದೊಳಗೆ ಬರಬೇಕು. ಸ್ಟ್ರೇನ್‌ಗೆ ಕ್ರಾಸ್‌ಹೆಡ್ (ಗ್ರಿಪ್ ಎಳೆಯುವ ಮಷೀನ್‌ನ ಅಡ್ಡತೊಲೆ) ಚಲನೆಯನ್ನು ಬಳಸಬೇಡಿ. ಅದರಲ್ಲಿ ಅಂಟು, ಟ್ಯಾಬ್, ಗ್ರಿಪ್ ಎಲ್ಲದರ ಸಡಿಲವೂ ಸೇರಿರುತ್ತದೆ. ಮಾಡ್ಯುಲಸ್ ಲೆಕ್ಕಕ್ಕೆ ಡಿ3039 ಪ್ರಕಾರ 0.1ರಿಂದ 0.3 ಶೇಕಡಾ ಸ್ಟ್ರೇನ್, ಐಎಸ್‌ಒ ಪ್ರಕಾರ 0.05ರಿಂದ 0.25. 90 ಡಿಗ್ರಿ ಪಟ್ಟಿಯಂತೆ 0.6 ಶೇಕಡಾ ತಲುಪುವ ಮೊದಲೇ ಮುರಿಯುವ ಮೆಟೀರಿಯಲ್‌ಗೆ, ಮುರಿಯುವ ಸ್ಟ್ರೇನ್‌ನ 25ರಿಂದ 50 ಶೇಕಡಾ ಭಾಗ ತೆಗೆದುಕೊಳ್ಳಿ. 0 ಡಿಗ್ರಿ ಕಾರ್ಬನ್ ಸಿಡಿದು ಚೂರಾಗುತ್ತದೆ. ಹಿಗ್ಗುವಿಕೆ ಅಳೆಯಲು ಪಟ್ಟಿಗೆ ಕ್ಲಿಪ್ ಮಾಡಿದ ಎಕ್ಸ್‌ಟೆನ್ಸೋಮೀಟರ್ ಅನ್ನು ಮುರಿತಕ್ಕೆ ಮೊದಲೇ ತೆಗೆಯಿರಿ, ಗಾರ್ಡ್ ಮುಚ್ಚಿರಲಿ.

ಈಗ ಮುರಿತವನ್ನು ಓದಿ. ಡಿ3039ರಲ್ಲಿ ಮೂರು ಅಕ್ಷರದ ಗುರುತು ಇದೆ: ಹೇಗೆ ಮುರಿಯಿತು, ಯಾವ ಭಾಗದಲ್ಲಿ, ಎಲ್ಲಿ. ಎಲ್‌ಜಿಎಂ ಅಂದರೆ ಗೇಜ್ ಭಾಗದ ಮಧ್ಯೆ ಅಡ್ಡಕ್ಕೆ ಮುರಿದದ್ದು. ಎಕ್ಸ್‌ಜಿಎಂ ಅಂದರೆ ಗೇಜ್ ಮಧ್ಯೆ ಸಿಡಿದದ್ದು. ಇವೆರಡೂ ಒಳ್ಳೆಯ ಸುದ್ದಿ. ಎಲ್‌ಎಟಿ ಅಂದರೆ ಮೇಲಿನ ಗ್ರಿಪ್‌ಗೆ ಅಂಟಿಕೊಂಡೇ ಮುರಿದದ್ದು.

ಟ್ಯಾಬ್ ಅಥವಾ ಗ್ರಿಪ್‌ನಿಂದ ಪಟ್ಟಿಯ ಅಗಲದಷ್ಟು ದೂರದೊಳಗೆ ಹೆಚ್ಚಿನ ಪಟ್ಟಿಗಳು ಮುರಿಯುತ್ತಿದ್ದರೆ ನಿಲ್ಲಿಸಿ ಕಾರಣ ಹುಡುಕಿ. ಟ್ಯಾಬ್ ಸ್ವಚ್ಛವಾಗಿ ಕಿತ್ತು ಬಂದು ಪಟ್ಟಿಯ ಮೇಲೆ ಅಂಟೇ ಉಳಿದಿಲ್ಲವಾದರೆ ಮೇಲ್ಮೈ ಸಿದ್ಧತೆ ಸಾಲದು. ಅಂಟು ಎರಡೂ ಕಡೆ ಉಳಿದಿದ್ದರೆ ಅಂಟಿನ ಸ್ಟ್ರೆಂತ್ ಅಥವಾ ಟ್ಯಾಬ್ ಉದ್ದ ಸಾಲದು. ಗ್ರಿಪ್ ಒಳಗೇ ಪುಡಿಯಾಗಿದ್ದರೆ ಗ್ರಿಪ್ ಒತ್ತಡ ಇಳಿಸಿ. ಜಾರಿದ ಗುರುತಿದ್ದರೆ ಏರಿಸಿ. ಯಾವಾಗಲೂ ಒಂದೇ ಗ್ರಿಪ್‌ನ ಹತ್ತಿರ ಮುರಿದರೆ ಮಷೀನ್‌ನ ನೇರ ಪರೀಕ್ಷಿಸಿ. ಅಂಚಿನ ಉದ್ದಕ್ಕೂ ಸೀಳು ಬಂದಿದ್ದರೆ ಹೆಜ್ಜೆ 3ಕ್ಕೆ ಹೋಗಿ ಕೋನ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಗ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುತ್ತದೆ.

ಪ್ರಯೋಗದ ಎರಡೂ ಮಧ್ಯದಲ್ಲಿ ಮುರಿದರೆ ಮಿಕ್ಕ ಐದನ್ನು ಅದೇ ಸೆಟ್ಟಿಂಗ್‌ನಲ್ಲಿ ಮುರಿಯಿರಿ. ವರದಿಯಲ್ಲಿ ಪ್ರತಿ ಪಟ್ಟಿಯ ಸ್ಟ್ರೆಂತ್ ಪಕ್ಕ ಅದರ ಮುರಿತದ ಗುರುತನ್ನೂ ಬರೆಯಿರಿ. ಟ್ಯಾಬ್‌ನ ವಸ್ತು, ಅಂಟು, ಇಳಿಜಾರಿನ ಕೋನ, ಗ್ರಿಪ್ ಒತ್ತಡ ಇವೂ ಇರಲಿ. ಫೈಬರ್ ಪ್ರಮಾಣ ಅಳೆದಿದ್ದರೆ ಅದನ್ನೂ ಹಾಕಿ. ಎರಡು ಪ್ಯಾನೆಲ್‌ಗಳನ್ನು ಹೋಲಿಸುವಾಗ 0 ಡಿಗ್ರಿ ಸ್ಟ್ರೆಂತ್ ಅನ್ನು ಒಂದೇ ಫೈಬರ್ ಪ್ರಮಾಣಕ್ಕೆ ತಂದ ಮೇಲೆ ಹೋಲಿಸಬೇಕು. ಗ್ರಿಪ್‌ನಲ್ಲಿ ಮುರಿದ ಪಟ್ಟಿಯನ್ನು ಸರಾಸರಿಯಿಂದ ಬಿಟ್ಟಿದ್ದರೆ ಬಿಟ್ಟಿದ್ದೇವೆ ಎಂದು ಕಾರಣ ಸಹಿತ ಬರೆಯಿರಿ. ಮುರಿದ ತುಂಡುಗಳ ಫೋಟೊ ತೆಗೆದು, ವರದಿ ಒಪ್ಪಿಗೆಯಾಗುವವರೆಗೆ ನಂಬರ್ ಹಾಕಿದ ಚೀಲದಲ್ಲಿ ಇಟ್ಟಿರಿ.